ನಷ್ಟದಲ್ಲಿರುವ ಟೆಕ್ ಕಂಪನಿಯ ಐಪಿಒ: ಲೆಕ್ಕ ಓದುವುದು ಹೇಗೆ?

ರಾಯಚೂರಿನ ರಾಜೇಂದ್ರ ಗಂಜ್‌ನಲ್ಲಿ ಹತ್ತಿ ಮಾರಿದ ದುಡ್ಡು ಖಾತೆಗೆ ಬಿದ್ದ ಕೂಡಲೇ ಮೊಬೈಲ್ ತೆಗೆದು ಐಪಿಒಗೆ, ಅಂದರೆ ಕಂಪನಿ ಮೊದಲ ಸಲ ಜನರಿಗೆ ಮಾರುವ ಷೇರಿಗೆ, ಅರ್ಜಿ ಹಾಕುವವರನ್ನು ನೋಡುತ್ತಲೇ ಇದ್ದೇನೆ. ಯಾವ ಕಂಪನಿ ಅಂದರೆ ಎಲೆಕ್ಟ್ರಿಕ್ ಸ್ಕೂಟರ್, ಆ್ಯಪ್, ಹೊಸ ಟೆಕ್ನಾಲಜಿ ಅನ್ನುತ್ತಾರೆ. ಲಾಭ ಇದೆಯಾ ಅಂದರೆ ಉತ್ತರವಿಲ್ಲ. ನಷ್ಟವಿದ್ದ ಮಾತ್ರಕ್ಕೆ ಕಂಪನಿ ಕೆಟ್ಟದ್ದಲ್ಲ. ಆದರೆ ಅದರ ಲೆಕ್ಕ ಓದುವ ರೀತಿ ಬೇರೆ.

1. ದಾಖಲೆ ಇಳಿಸಿಕೊಳ್ಳಿ. ಷೇರುಪೇಟೆ ನಿಯಂತ್ರಕ ಸೆಬಿಯ ವೆಬ್‌ಸೈಟ್‌ನಲ್ಲಿ ಆರ್‌ಎಚ್‌ಪಿ (ಐಪಿಒಗೆ ಮೊದಲು ಕಂಪನಿ ತನ್ನ ಲೆಕ್ಕ, ವಿವರ ಕೊಡುವ ದಾಖಲೆ) ಪುಕ್ಕಟೆ ಸಿಗುತ್ತದೆ. ಲೆಕ್ಕದ ಪುಟಗಳನ್ನು ಪ್ರಿಂಟ್ ಹಾಕಿಸಿ, ಮೊಬೈಲ್‌ನಲ್ಲಿ ಓದಬೇಡಿ. ಟೆಲಿಗ್ರಾಂ ಗ್ರೂಪಿನವರು ಹೇಳುವ ಗ್ರೇ ಮಾರ್ಕೆಟ್ ರೇಟನ್ನು (ಷೇರುಪೇಟೆಗೆ ಬರುವ ಮೊದಲೇ ಹೊರಗೆ ಕೈಬದಲಾಗುವ ಷೇರಿನ ರೇಟು) ನಂಬಲೇಬೇಡಿ. ಅದಕ್ಕೆ ಹೇಳುವವರು ಕೇಳುವವರು ಯಾರೂ ಇಲ್ಲ.

2. ದುಡ್ಡು ಯಾರ ಕೈಗೆ? ಹೊಸ ಷೇರಿನ ದುಡ್ಡು ಕಂಪನಿಗೆ ಹೋಗುತ್ತದೆ. ‘ಆಫರ್ ಫಾರ್ ಸೇಲ್’ ದುಡ್ಡು ಹಳೇ ಷೇರುದಾರರ ಜೇಬಿಗೆ. 2021ರಲ್ಲಿ ಪೇಟಿಎಂ ಎತ್ತಿದ 18,300 ಕೋಟಿಯಲ್ಲಿ 10,000 ಕೋಟಿ ಹೀಗೆ ಹೋಯಿತು. 2,150 ರೂಪಾಯಿಯ ಷೇರು ಮೊದಲ ದಿನವೇ ಸುಮಾರು ಶೇ 27 ಬಿತ್ತು.

3. ಕೈಯಲ್ಲಿರುವ ದುಡ್ಡು ಎಷ್ಟು ತಿಂಗಳಿಗೆ ಸಾಕು? ಎಲ್ಲರೂ ಎಡವುವುದು ಇಲ್ಲೇ.

ಮೊದಲ ಪುಟಗಳಲ್ಲಿ ‘ಅಡ್ಜಸ್ಟೆಡ್ ಎಬಿಟಾ’ ಅಂತ ಲಾಭದ ಒಂದು ಅಂಕಿ ಮಿಂಚುತ್ತಿರುತ್ತದೆ. ಅದರಲ್ಲಿ ಬಡ್ಡಿ ಇಲ್ಲ, ಯಂತ್ರದ ಸವಕಳಿ ಇಲ್ಲ, ಎಷ್ಟೋ ಸಲ ನೌಕರರಿಗೆ ಕೊಟ್ಟ ಷೇರಿನ ಖರ್ಚೂ ಇಲ್ಲ. ಹಮಾಲಿ, ಲಾರಿ ಬಾಡಿಗೆ, ಬಡ್ಡಿ ಬಿಟ್ಟು ಲಾಭ ಹೇಳಿದರೆ ಗಂಜ್‌ನಲ್ಲಿ ಯಾರೂ ಒಪ್ಪುವುದಿಲ್ಲ, ಅಲ್ವಾ? ಇಲ್ಲೂ ಒಪ್ಪಬೇಡಿ.

ನೇರವಾಗಿ ಕ್ಯಾಶ್ ಫ್ಲೋ ಪಟ್ಟಿಗೆ, ಅಂದರೆ ದುಡ್ಡು ಬಂದದ್ದು ಹೋದದ್ದರ ಲೆಕ್ಕಕ್ಕೆ, ಹೋಗಿ. ಅದರಲ್ಲಿ ಮೂರು ಭಾಗ. ಮೊದಲನೆಯದು ದಿನದ ವ್ಯವಹಾರದ್ದು. ಬ್ರಾಕೆಟ್‌ನೊಳಗೆ ಅಂಕಿ ಇದ್ದರೆ ಅಷ್ಟು ದುಡ್ಡು ಹೊರಗೆ ಹೋಗಿದೆ ಅಂತ. ಎರಡನೆಯದು ಹೂಡಿಕೆ. ಇದರಲ್ಲಿ ಕಟ್ಟಡ, ಯಂತ್ರದ ಖರ್ಚು ಮಾತ್ರ ತಗೊಳ್ಳಿ. ಎಫ್‌ಡಿ, ಮ್ಯೂಚುವಲ್ ಫಂಡಿಗೆ ಹಾಕಿದ್ದೂ ಇಲ್ಲೇ ಬರುತ್ತದೆ, ಅದು ಖರ್ಚಲ್ಲ. ಮೂರನೆಯದು ಸಾಲ, ಬಂಡವಾಳ. ಬಹಳ ಜನ ಕೊನೆಯ ಸಾಲು ನೋಡಿ ‘ನಗದು ಹೆಚ್ಚಾಗಿದೆ’ ಅಂತ ಖುಷಿಪಡುತ್ತಾರೆ. ಎಷ್ಟೋ ಸಲ ಹೆಚ್ಚಾಗಿರುವುದು ತಂದ ಸಾಲ!

ಇನ್ನೊಂದು ಕಣ್ಕಟ್ಟು ಇದೆ. ಬಿಡಿಭಾಗ ಕೊಟ್ಟವರಿಗೆ ಬಾಕಿ ಉಳಿಸಿಕೊಂಡರೂ ಆ ವರ್ಷ ದುಡ್ಡು ಕಮ್ಮಿ ಹೋದಂತೆ ಕಾಣುತ್ತದೆ. ‘ಟ್ರೇಡ್ ಪೇಯೆಬಲ್ಸ್’, ಅಂದರೆ ಈ ಬಾಕಿ, ದಿಢೀರ್ ಏರಿದೆಯಾ ನೋಡಿ.

ಈಗ ಲೆಕ್ಕ. ಒಂದು ವರ್ಷದಲ್ಲಿ ವ್ಯವಹಾರದಲ್ಲಿ 600 ಕೋಟಿ, ಯಂತ್ರಕ್ಕೆ 300 ಕೋಟಿ ಹೋಗಿದೆ ಅಂದುಕೊಳ್ಳಿ. ತಿಂಗಳಿಗೆ 75 ಕೋಟಿ ಆಯಿತು. ನಗದು, ಎಫ್‌ಡಿ ಎಲ್ಲ ಸೇರಿ 1,500 ಕೋಟಿ ಇದೆ, ಒಂದು ವರ್ಷದೊಳಗೆ ತೀರಿಸಬೇಕಾದ ಸಾಲ 300 ಕೋಟಿ. ಉಳಿದ 1,200 ಕೋಟಿ 16 ತಿಂಗಳಿಗೆ ಬರುತ್ತದೆ. 24 ತಿಂಗಳಿಗಿಂತ ಕಮ್ಮಿ ಬಂದರೆ ನಾನು ಆ ಷೇರು ಮುಟ್ಟುವುದಿಲ್ಲ.

4. ಸಬ್ಸಿಡಿ ಕಳೆದು ನೋಡಿ. ಎಲೆಕ್ಟ್ರಿಕ್ ಸ್ಕೂಟರಿಗೆ ಕೇಂದ್ರ ಕೊಡುತ್ತಿದ್ದ ಸಬ್ಸಿಡಿ 2023ರ ಜೂನ್‌ನಲ್ಲಿ ಬ್ಯಾಟರಿ ಸಾಮರ್ಥ್ಯದ ಪ್ರತಿ ಕಿಲೋವ್ಯಾಟ್ ಅವರ್‌ಗೆ 15,000ದಿಂದ 10,000 ರೂಪಾಯಿಗೆ ಇಳಿಯಿತು. 2024ರಲ್ಲಿ 5,000 ಆಯಿತು, 2025ರ ಏಪ್ರಿಲ್‌ನಿಂದ 2,500. ಅದಿಲ್ಲದೆ ಒಂದು ಗಾಡಿ ಮಾರಿದರೆ ಸಾಮಾನಿನ ಖರ್ಚಾದರೂ ಹುಟ್ಟುತ್ತದಾ?

5. ಕಾಯಿರಿ. ಲಾಭದ ದಾಖಲೆ ಇಲ್ಲದ ಕಂಪನಿಯ ಐಪಿಒದಲ್ಲಿ ಸಣ್ಣ ಹೂಡಿಕೆದಾರರಿಗೆ ಸೆಬಿ ಇಟ್ಟಿರುವುದೇ ಶೇ 10, ದೊಡ್ಡ ಸಂಸ್ಥೆಗಳಿಗೆ ಶೇ 75. ಹಾಗಾಗಿ ಐಪಿಒದಲ್ಲಿ ಹಾಕಲೇಬೇಡಿ. ಎರಡು ತ್ರೈಮಾಸಿಕದ ಫಲಿತಾಂಶ ಬರಲಿ. ಹಳೇ ಹೂಡಿಕೆದಾರರ ಲಾಕ್-ಇನ್ (ಷೇರು ಮಾರುವಂತಿಲ್ಲದ ಅವಧಿ) ಮುಗಿಯುವ ದಿನವನ್ನು ಕ್ಯಾಲೆಂಡರಿನಲ್ಲಿ ಬರೆದಿಡಿ. 76 ರೂಪಾಯಿಗೆ ಬಂದಿದ್ದ ಜೊಮ್ಯಾಟೊ ಷೇರು 2022ರ ಜುಲೈನಲ್ಲಿ ಲಾಕ್-ಇನ್ ಮುಗಿದಾಗ 40ರ ಆಸುಪಾಸಿಗೆ ಬಿತ್ತು. ಆಗಲೂ ಆ ಕಂಪನಿಯ ಕೈಯಲ್ಲಿ 10,000 ಕೋಟಿಗೂ ಜಾಸ್ತಿ ದುಡ್ಡಿತ್ತು. ಮರುವರ್ಷ ಏಪ್ರಿಲ್–ಜೂನ್ ತ್ರೈಮಾಸಿಕದಲ್ಲಿ ಮೊದಲ ಸಲ ಲಾಭ ತೋರಿಸಿತು, 2 ಕೋಟಿ.