ಪಂಪ್ ಬದಲಿಸುವ ಮೊದಲು ಒಂದು ಬಾಟಲಿ ನೇತುಹಾಕಿ

ತುಮಕೂರು ಜಿಲ್ಲೆಯ ಗುಬ್ಬಿ ಹತ್ತಿರ ನಮ್ಮ ನೆಂಟರ ತೋಟದಲ್ಲಿ ಒಂದು ಹಳೇ ಪ್ರೀಮಿಯರ್ ಪದ್ಮಿನಿ ಕಾರಿದೆ. ಅಡಿಕೆ ಶೆಡ್ಡಿನ ಮೂಲೆಯಲ್ಲಿ ಗೋಣಿಚೀಲ ಹೊದ್ದುಕೊಂಡು ಒಂಬತ್ತು ವರ್ಷ ಮಲಗಿತ್ತು. ಆಯುಧಪೂಜೆಗೆ ಎಬ್ಬಿಸಲೇಬೇಕು ಅಂತ ಮನೆಯ ಹುಡುಗರು ಹೊಸ ಬ್ಯಾಟರಿ ತಂದರು. ಟ್ಯಾಂಕಿಗೆ ಐದು ಲೀಟರ್ ಪೆಟ್ರೋಲ್ ಸುರಿದರು. ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬೊರೇಟರಿನ ಬಟ್ಟಲಿಗೂ ಒಂದಿಷ್ಟು ತುಂಬಿಸಿ ಸೆಲ್ಫ್ ಹೊಡೆದರು. ಸ್ಟಾರ್ಟ್ ಆಯಿತು. ಕುಂಬಳಕಾಯಿ ಒಡೆದರು. ಗೇಟು ದಾಟುವಷ್ಟರಲ್ಲಿ ಗಾಡಿ ಕೆಮ್ಮಿ ನಿಂತಿತು.

ಆಮೇಲೆ ಎರಡು ತಿಂಗಳಲ್ಲಿ, ಟ್ಯಾಂಕಿನಿಂದ ಪೆಟ್ರೋಲ್ ಎಳೆದು ಕಾರ್ಬೊರೇಟರಿಗೆ ಕೊಡುವ ಪಂಪ್ ಎರಡು ಸಲ ಬದಲಾಯಿತು. ಗಾಡಿ ಮಾತ್ರ ಗೇಟಿನ ಹತ್ತಿರವೇ ನಿಂತಿತ್ತು. ಕೊನೆಗೆ ಸಿಕ್ಕ ಕಾರಣ ಗೇಣುದ್ದದ ಒಂದು ರಬ್ಬರ್ ಪೈಪು. ಇದೇ ಆಟವನ್ನು ಬಟವಾಡಿಯ ಒಂದು ಅಂಬಾಸಿಡರ್‌ನಲ್ಲೂ ನೋಡಿದೆ, ಶಿರಾದ ಒಂದು ಹಳೇ ಮಾರುತಿ 800ರಲ್ಲೂ ನೋಡಿದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಸೆಲ್ಫ್ ಹೊಡೆಯಬೇಡಿ, ಮೊದಲು ಟ್ಯಾಂಕ್ ನೋಡಿ

ಪ್ಲಗ್‌ನಲ್ಲಿ ಕರೆಂಟ್ ಬರುತ್ತಿದೆಯಾ ಅಂತ ಬೇರೆಯಾಗಿ ನೋಡಿಕೊಳ್ಳಿ, ಅದು ಐದು ನಿಮಿಷದ ಕೆಲಸ. ಪೆಟ್ರೋಲ್ ಪೈಪು ಬಿಚ್ಚುವ ಮುಂಚೆ ಬ್ಯಾಟರಿಯ ನೆಗೆಟಿವ್ ವೈರ್ ತೆಗೆಯಿರಿ. ಗಾಡಿಯನ್ನು ಬಯಲಿಗೆ ತಳ್ಳಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಮುಚ್ಚಿದ ಶೆಡ್ಡಿನಲ್ಲಿ ನೆಲಕ್ಕಂಟಿಕೊಂಡು ದೂರದ ಒಲೆಯವರೆಗೂ ಹೋಗುತ್ತದೆ. ಪುಡಿ ತುಂಬಿದ ಬೆಂಕಿ ಆರಿಸುವ ಸಿಲಿಂಡರ್ ಪಕ್ಕದಲ್ಲಿರಲಿ. ಬಾಯಲ್ಲಿ ಎಳೆದು ಪೆಟ್ರೋಲ್ ತೆಗೆಯುವ ಶೂರತನ ಬೇಡ.

ಹಳೇ ಪೆಟ್ರೋಲನ್ನು ಪೂರ್ತಿ ಇಳಿಸಿ. ಕೆಲವೇ ತಿಂಗಳಿಗೆ ಪೆಟ್ರೋಲ್ ಕೆಡಲು ಶುರುವಾಗುತ್ತದೆ. ವರ್ಷಗಟ್ಟಲೆ ಬಿಟ್ಟರೆ ವಾರ್ನಿಶ್ ವಾಸನೆ ಬರುತ್ತದೆ, ಅಂಟು ಕಟ್ಟುತ್ತದೆ. ಅದರ ಮೇಲೇ ಹೊಸದನ್ನು ಸುರಿದರೆ ಆ ಅಂಟು, ತುಕ್ಕು ಎಲ್ಲ ಕದಡಿ ಮುಂದಕ್ಕೆ ಬರುತ್ತದೆ.

ಟ್ಯಾಂಕ್ ಒಳಗೆ ತುಕ್ಕು ಕಂಡರೆ ಇಳಿಸಿ ತೊಳೆಯಲೇಬೇಕು. ಕೆಲವರು ಜಲ್ಲಿ ಹಾಕಿ ಅಲ್ಲಾಡಿಸುತ್ತಾರೆ. ಒಂದಾದರೂ ಒಳಗೇ ಉಳಿಯುತ್ತದೆ. ನಾನು ಒಂದು ಮಾರುದ್ದ ಕಬ್ಬಿಣದ ಸರಪಳಿ ಬಿಡುತ್ತೇನೆ, ಬಾಲ ಹಿಡಿದು ಎಳೆದರೆ ಪೂರ್ತಿ ಹೊರಗೆ ಬರುತ್ತದೆ. ಆಮೇಲೆ ಲೀಟರ್ ನೀರಿಗೆ 50 ಗ್ರಾಂನಷ್ಟು ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಕರಗಿಸಿ ರಾತ್ರಿಯಿಡೀ ತುಂಬಿಸಿಡಿ. ಬೆಳಿಗ್ಗೆ ಅಡುಗೆ ಸೋಡಾ ನೀರಿನಲ್ಲಿ ತೊಳೆದು, ತಕ್ಷಣ ಬಿಸಿಲಲ್ಲಿ ಒಣಗಿಸಿ. ತಡ ಮಾಡಿದರೆ ಮಧ್ಯಾಹ್ನಕ್ಕೇ ಮತ್ತೆ ಕೆಂಪಗಾಗುತ್ತದೆ. ಒಳಗೆ ಬಳಿಯುವ ಲೇಪನ ಅಂತ ಡಬ್ಬಿಯಲ್ಲಿ ಮಾರುತ್ತಾರಲ್ಲ, ಅದನ್ನು ನಾನು ಮುಟ್ಟುವುದಿಲ್ಲ. ಎಣ್ಣೆಯ ಪಸೆ ಚೂರು ಉಳಿದಿದ್ದರೂ ಅದು ಹಪ್ಪಳದ ಹಾಗೆ ಎದ್ದು ಬಂದು ಪೈಪಿಗೆ ಅಡ್ಡ ಕೂರುತ್ತದೆ. ತೂತಾದ ಟ್ಯಾಂಕಿಗೆ ನೀವೇ ವೆಲ್ಡಿಂಗ್ ಮಾಡಲು ಹೋಗಬೇಡಿ. ಖಾಲಿ ಟ್ಯಾಂಕ್ ಬಾಂಬು.

ಟ್ಯಾಂಕ್ ಉಸಿರಾಡುವ ಸಣ್ಣ ತೂತನ್ನೂ ನೋಡಿ. ಮುಚ್ಚಳದಲ್ಲಿರುತ್ತದೆ, ಇಲ್ಲವೇ ಸಣ್ಣ ಪೈಪಾಗಿರುತ್ತದೆ. ನಮ್ಮ ಕಡೆ ಶೆಡ್ಡಿನ ಗಾಡಿಗಳಲ್ಲಿ ಅದರೊಳಗೆ ಕಡಜದ ಮಣ್ಣಿನ ಗೂಡು ಗ್ಯಾರಂಟಿ.

ಪೆಟ್ರೋಲ್ ಬರುವ ದಾರಿಯನ್ನು ಮೂರು ತುಂಡು ಮಾಡಿ

ಎಲ್ಲರೂ ಎಡವುವುದು ಇಲ್ಲೇ. ಹಿಂದೆ ಟ್ಯಾಂಕು, ಮುಂದೆ ಪಂಪು, ಅದರ ಮೇಲೆ ಕಾರ್ಬೊರೇಟರ್. ತಪ್ಪು ಯಾವ ತುಂಡಿನಲ್ಲಿದೆ ಅಂತ ಗೊತ್ತಾಗದೆ ಒಂದು ಸ್ಕ್ರೂ ಕೂಡ ಬಿಚ್ಚಬೇಡಿ.

ಅದಕ್ಕೆ ಬೇಕಾದದ್ದು ಒಂದು ಬಾಟಲಿ. ಗ್ಯಾರೇಜಿನವರು ಆಸ್ಪತ್ರೆಯ ಡ್ರಿಪ್ ಬಾಟಲಿಯನ್ನೇ ಬಾನೆಟ್ಟಿಗೆ ನೇತುಹಾಕುತ್ತಾರೆ. ನಡೆಯುತ್ತೆ, ಆದರೆ ಅದರ ಸಣ್ಣ ಪೈಪು ಪೆಟ್ರೋಲಿಗೆ ಬಿರುಸಾಗುತ್ತದೆ, ಒಳ್ಳೇ ಪೆಟ್ರೋಲ್ ಪೈಪು ಸಿಕ್ಕಿಸಿಕೊಳ್ಳಿ. ನನ್ನ ಹತ್ತಿರ ಹಳೇ ಮೊಪೆಡ್ಡಿನ ಟ್ಯಾಂಕ್ ಇದೆ. ಅದಕ್ಕೆ ಕಾಕ್ (ನಲ್ಲಿ) ಇರುವುದರಿಂದ ಬೇಕೆಂದಾಗ ನಿಲ್ಲಿಸಬಹುದು. ಬಾಟಲಿಗಿಂತ ಅದೇ ಮೇಲು.

ಮೊದಲ ಪರೀಕ್ಷೆಗೆ ಬಾಟಲಿಯನ್ನು ಕಾರ್ಬೊರೇಟರಿಗಿಂತ ಒಂದೂವರೆ ಅಡಿ ಮೇಲೆ ಕಟ್ಟಿ, ಪೈಪನ್ನು ಸೀದಾ ಕಾರ್ಬೊರೇಟರಿಗೆ ಕೊಡಿ. ಪಂಪಿನ ಎರಡೂ ಪೈಪು ಬಿಚ್ಚಿ, ಟ್ಯಾಂಕಿನಿಂದ ಬರುವ ಪೈಪಿನ ಬಾಯಿಗೆ ಒಂದು ಬೋಲ್ಟ್ ತುರುಕಿ ಕ್ಲಿಪ್ ಹಾಕಿ. ಇದನ್ನು ಮರೆತರೆ ಎಂಜಿನ್ ತಿರುಗಿದಾಗ ಪಂಪು ತನ್ನ ಪಾಡಿಗೆ ಪೆಟ್ರೋಲ್ ಎಳೆದು ಬಿಸಿ ಸೈಲೆನ್ಸರ್ ಪೈಪಿನ ಮೇಲೆ ಚಿಮ್ಮಿಸುತ್ತದೆ. ಕ್ಲಿಪ್ಪುಗಳನ್ನೆಲ್ಲ ಎರಡು ಸಲ ನೋಡಿ, ಆಮೇಲೆ ಬ್ಯಾಟರಿ ವೈರ್ ಕೊಟ್ಟು ಸ್ಟಾರ್ಟ್ ಮಾಡಿ. ಹತ್ತು ನಿಮಿಷ ನಿಂತಲ್ಲೇ ಸರಿಯಾಗಿ ಓಡಿದರೆ ಕಾರ್ಬೊರೇಟರ್ ತಂಟೆ ಬಿಡಿ.

ಎರಡನೆಯದಕ್ಕೆ ಬಾಟಲಿಯನ್ನು ಕೆಳಗೆ ತನ್ನಿ, ಪಂಪಿಗಿಂತ ಕೆಳಗೆ, ನೆಲದ ಮೇಲೆ. ಪೈಪಿನ ತುದಿ ಪೆಟ್ರೋಲಿನಲ್ಲಿ ಮುಳುಗಿರಲಿ. ಪಂಪಿನ ಒಳಬಾಯಿಗೆ ಅದನ್ನು ಕೊಟ್ಟು, ಹೊರಬಾಯನ್ನು ಮೊದಲಿನಂತೆ ಕಾರ್ಬೊರೇಟರಿಗೆ ಸೇರಿಸಿ. ಕೆಳಗಿಂದ ಎಳೆದುಕೊಂಡು ಓಡಿತಾ? ಪಂಪು ಚೆನ್ನಾಗಿದೆ. ಅಂಗಡಿಗೆ ಹೋಗುವ ಖರ್ಚು ಉಳೀತು. ತಪ್ಪು ಇರುವುದು ಹಿಂದೆ.

ಬಾವಿಯ ಪಂಪ್‌ಸೆಟ್ ನೆನಪಿಸಿಕೊಳ್ಳಿ

ಬಾವಿಯ ದಂಡೆಯ ಮೇಲೆ ಪಂಪ್‌ಸೆಟ್ ಇಟ್ಟು ನೀರೆತ್ತಿದವರಿಗೆ ಇದು ತಟ್ಟನೆ ತಿಳಿಯುತ್ತದೆ. ಡೆಲಿವರಿ ಪೈಪು ತೂತಾದರೆ ನೀರು ಚಿಮ್ಮುತ್ತದೆ, ಕಾಣುತ್ತದೆ. ಬಾವಿಯಿಂದ ನೀರೆಳೆಯುವ ಸಕ್ಷನ್ ಪೈಪಿನಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೆ? ಒಂದು ಹನಿಯೂ ಹೊರಗೆ ಬರುವುದಿಲ್ಲ. ಪಂಪು ಗಾಳಿ ಎಳೆಯುತ್ತದೆ, ನೀರು ಬರುವುದಿಲ್ಲ. ಕಾರಿನಲ್ಲೂ ಅಷ್ಟೇ. ಪಂಪಿನ ಹಿಂದಿನ ರಬ್ಬರ್ ಒಡೆದಿದ್ದರೆ ಅಡಿಯಲ್ಲಿ ಕಲೆ ಇರುವುದಿಲ್ಲ, ವಾಸನೆಯೂ ಇರುವುದಿಲ್ಲ. ಪಾಪ, ಬೈಸಿಕೊಳ್ಳುವುದು ಪಂಪು.

ಹುಡುಕುವ ದಾರಿ ಹೀಗೆ. ಪಂಪಿನ ಹಿಂದೆ ಒಂದು ತುಂಡು ಪಾರದರ್ಶಕ ಪೈಪು ಹಾಕಿ. ಓಡಿಸುವಾಗ ಗುಳ್ಳೆ ಬಂದರೆ ಗಾಳಿ ಎಳೆಯುತ್ತಿದೆ. ಈಗ ಬಾಟಲಿಯನ್ನು ಒಂದೊಂದೇ ಜೋಡಣೆ ಹಿಂದಕ್ಕೆ ಒಯ್ಯಿರಿ. ಮೊದಲು ರಬ್ಬರಿನ ಹಿಂದೆ, ಆಮೇಲೆ ಕಬ್ಬಿಣದ ಪೈಪಿನ ಹಿಂದಿನ ತುದಿಗೆ. ಎಲ್ಲಿ ಗುಳ್ಳೆ ಶುರುವಾಗುತ್ತದೋ ಅದರ ಮುಂದಿನ ತುಂಡೇ ಕಳ್ಳ. ರಬ್ಬರನ್ನು ಕಣ್ಣಲ್ಲಿ ನೋಡಿದರೆ ಸಾಲದು, ಬೆರಳಲ್ಲಿ ಬಗ್ಗಿಸಿ. ಗುಬ್ಬಿಯ ಪೈಪು ನೋಡೋಕೆ ಹೊಸದರ ಹಾಗಿತ್ತು, ಬಗ್ಗಿಸಿದಾಗ ಒಣಗಿದ ಕೆರೆಯ ಮಣ್ಣಿನಂತೆ ಬಿರುಕು ಬಿಟ್ಟಿತು. ಹುಡುಗರ ಗಾಡಿ ಗೇಟಿನವರೆಗೆ ಓಡಿದ್ದು ಬಟ್ಟಲಿಗೆ ತುಂಬಿಸಿದ್ದ ಪೆಟ್ರೋಲಿನಲ್ಲಿ, ಅಷ್ಟೇ. ಕಬ್ಬಿಣದ ಪೈಪು ಕೆಸರು ಕೂರುವ ಕ್ಲಿಪ್ಪಿನ ಜಾಗದಲ್ಲೇ ತುಕ್ಕು ಹಿಡಿಯುತ್ತದೆ, ಕ್ಲಿಪ್ ಬಿಚ್ಚಿ ನೋಡಿ.

ಟ್ಯಾಂಕ್ ಅರ್ಧಕ್ಕೆ ಇಳಿದಾಗ ಮಾತ್ರ ನಿಲ್ಲುತ್ತದಾ? ಟ್ಯಾಂಕಿನೊಳಗೆ ಇಳಿಬಿಟ್ಟ ಪೈಪಿನಲ್ಲೇ ತೂತಿರುತ್ತದೆ. ಪೆಟ್ರೋಲ್ ಮಟ್ಟ ತೂತಿಗಿಂತ ಕೆಳಗೆ ಹೋದೊಡನೆ ಗಾಳಿ ಎಳೆಯುತ್ತದೆ. ಇನ್ನು ಹತ್ತು ನಿಮಿಷ ಓಡಿ ನಿಂತು, ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಓಡುವ ಗಾಡಿ. ನಿಂತ ತಕ್ಷಣ ಟ್ಯಾಂಕ್ ಮುಚ್ಚಳ ಬಿಚ್ಚಿ. ಪುಸ್ ಅಂತ ಗಾಳಿ ಒಳಗೆ ಹೋದರೆ ಉಸಿರಿನ ತೂತು ಕಟ್ಟಿದೆ. ಸದ್ದಿಲ್ಲದಿದ್ದರೆ ಟ್ಯಾಂಕಿನ ತಳದ ಜಾಲರಿಗೆ ಕಸ ಮೆತ್ತಿಕೊಂಡಿರಬಹುದು. ಸೈಕಲ್ ಪಂಪಿನಲ್ಲಿ ಮುಂದಿನಿಂದ ಹಿಂದಕ್ಕೆ ಊದಿ, ಮುಚ್ಚಳ ತೆಗೆದಿಟ್ಟು. ಪೈಪನ್ನು ಕಾರಿನ ಪಂಪಿನಿಂದ ಬಿಚ್ಚಿದ ಮೇಲೆಯೇ ಊದಬೇಕು, ಇಲ್ಲದಿದ್ದರೆ ಪಂಪಿನೊಳಗಿನ ತೆಳು ಪೊರೆ, ಅಂದರೆ ಡಯಾಫ್ರಮ್, ಹರಿಯುತ್ತದೆ.

ಹೊಸ ಪೈಪು ತರುವಾಗ ಕಂಜೂಸುತನ ಬೇಡ. ಇ20 ಪೆಟ್ರೋಲ್ 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೇ ಬಿಡುಗಡೆಯಾಯಿತು. ನೂರರಲ್ಲಿ 20 ಪಾಲು ಎಥನಾಲ್. ಪದ್ಮಿನಿ ಕಾಲದ ರಬ್ಬರ್ ಅದಕ್ಕೆ ಮಾಡಿದ್ದಲ್ಲ, ಮೆತ್ತಗಾಗಿ ಕಪ್ಪು ಚೂರು ಬಿಡುತ್ತದೆ. ಮೇಲೆ ಎಸ್‌ಎಇ ಜೆ30 ಆರ್9 (SAE J30R9) ಅಂತ ಗುಣಮಟ್ಟದ ಗುರುತು ಅಚ್ಚಾದ ಪೈಪನ್ನೇ ಕೇಳಿ. ಮೀಟರ್ ಲೆಕ್ಕದಲ್ಲಿ ಕತ್ತರಿಸಿ ಕೊಡುವ, ಹೆಸರೇ ಇಲ್ಲದ ಕರೀ ಪೈಪು ಬೇಡ.

ಪಂಪೇ ಹಾಳಾಗಿದ್ದರೆ

ಎಂಜಿನ್ ಆಯಿಲ್ ಕಡ್ಡಿ ಎಳೆದು ಮೂಸಿ. ಪೆಟ್ರೋಲ್ ವಾಸನೆ ಬಂದರೆ ಡಯಾಫ್ರಮ್ ಹರಿದು ಪೆಟ್ರೋಲ್ ಒಳಗಿಳಿದಿದೆ. ಆಯಿಲ್ ಬದಲಿಸದೆ ಸ್ಟಾರ್ಟ್ ಮಾಡಬೇಡಿ, ಬೇರಿಂಗ್ ಹೋಗುತ್ತದೆ. ಕೈಯಲ್ಲಿ ಒತ್ತುವ ಲಿವರ್ ಇದ್ದು, ಅದು ಸುಮ್ನೆ ಸಡಿಲ ಆಡಿದರೆ ಗಾಬರಿ ಬೇಡ. ಎಂಜಿನ್ನನ್ನು ಒಂದು ಸುತ್ತು ತಿರುಗಿಸಿ ಮತ್ತೆ ಒತ್ತಿ. ಪಂಪಿನ ತೋಳು ಅದನ್ನು ಆಡಿಸುವ ಎಂಜಿನ್ನಿನ ಉಬ್ಬಿನ (ಕ್ಯಾಮ್) ಮೇಲೆ ಏರಿ ಕೂತಿದ್ದರೆ ಹಾಗಾಗುತ್ತದೆ.

ಮೊದಲ ಪರೀಕ್ಷೆಯಲ್ಲೇ ಓಡದಿದ್ದರೆ ಕಾರ್ಬೊರೇಟರ್ ನೋಡಿ, ಅದರದು ಸುಲಭ. ಬಟ್ಟಲು ತೊಳೆಯಿರಿ, ಬಟ್ಟಲಿಗೆ ಪೆಟ್ರೋಲ್ ಬಿಡುವ ನೀಡಲ್ ಅಂಟಿಕೊಂಡಿದ್ದರೆ ಬಿಡಿಸಿ, ಜೆಟ್ ಅನ್ನುವ ಸಣ್ಣ ತೂತಿನ ಹಿತ್ತಾಳೆ ತುಂಡುಗಳನ್ನು ಊದಿ. ಜೆಟ್ಟಿಗೆ ಪಿನ್ನು, ಸ್ಟೀಲ್ ತಂತಿ ಚುಚ್ಚಬೇಡಿ. ಹಿತ್ತಾಳೆ ಸವೆದು ತೂತು ದೊಡ್ಡದಾದರೆ ಆಮೇಲೆ ಪೆಟ್ರೋಲ್ ಜಾಸ್ತಿ ಕುಡಿಯುತ್ತೆ ಅಂತ ಅಳಬೇಕಾಗುತ್ತದೆ. ಮೀನು ಹಿಡಿಯುವ ನೈಲಾನ್ ದಾರ ಸಾಕು.

ಪಂಪಿನ ಹಿಂದೆ ಒಂದು ಪಾರದರ್ಶಕ ಫಿಲ್ಟರ್ ಹಾಕಿ, ಬಾಣದ ಗುರುತು ಪಂಪಿನ ಕಡೆಗಿರಲಿ. ಮೊದಲ 50 ಕಿಲೋಮೀಟರಿಗೆ ಅದನ್ನು ಎಸೆಯಿರಿ. ಅಲ್ಲಿಯವರೆಗೆ ಕ್ಯಾತ್ಸಂದ್ರದ ತಟ್ಟೆ ಇಡ್ಲಿವರೆಗೆ ಹೋಗಿ ಬನ್ನಿ, ಬೆಂಗಳೂರು ಬೇಡ. ಗುಬ್ಬಿಯ ಪದ್ಮಿನಿಯಲ್ಲಿ ಈಗ ಮೂರನೇ ಫಿಲ್ಟರ್ ಇದೆ. ಮೊನ್ನೆ ನೋಡಿದಾಗ ತಳದಲ್ಲಿ ಒಂದು ಚಿಟಿಕೆ ಕೆಂಪು ಪುಡಿ ಇತ್ತು, ಅಷ್ಟೇ.