ಬಸ್ಸಿಗೆ ಆನ್, ಆಟೋಗೆ ಇನ್: ಹತ್ತುವ ಇಳಿಯುವ ‘ಗೆಟ್’

ಕನ್ನಡದಲ್ಲಿ ಬಸ್ಸು, ಕಾರು, ಆಟೋ, ಬೈಕು, ವಿಮಾನ ಯಾವುದಾದರೂ ‘ಹತ್ತು’ ಅಂದರೆ ಸಾಕು, ‘ಇಳಿ’ ಅಂದರೆ ಸಾಕು. ಇಂಗ್ಲಿಷಿನಲ್ಲಿ ಹತ್ತುವುದಕ್ಕೆ ಎರಡು ದಾರಿ, ಇಳಿಯುವುದಕ್ಕೂ ಎರಡು. ಕ್ರಿಯಾಪದ ಒಂದೇ, ‘ಗೆಟ್’. ಅದರ ಮುಂದೆ ಬರುವ ಪುಟ್ಟ ಪದ ಯಾವುದೆಂದು ವಾಹನವೇ ಗೊತ್ತುಮಾಡುತ್ತದೆ.

ಹಾಗಾಗಿ ಮೊದಲು ವಾಹನ ನೋಡಿ. ಒಳಗೆ ಹೋದ ಮೇಲೆ ನೆಟ್ಟಗೆ ನಿಂತು ಓಡಾಡಬಹುದೇ? ಬಸ್ಸು, ರೈಲು, ಮೆಟ್ರೊ, ದೊಡ್ಡ ವಿಮಾನ, ಹಡಗು ಈ ಜಾತಿಯವು. ಇವಕ್ಕೆ ಹತ್ತುವಾಗ ‘ಗೆಟ್ ಆನ್’, ಇಳಿಯುವಾಗ ‘ಗೆಟ್ ಆಫ್’ (off). ತಲೆ ತಗ್ಗಿಸಿ ಒಳಗೆ ತೂರಿ ಕೂರಬೇಕಾದ ಕಾರು, ಟ್ಯಾಕ್ಸಿ, ಆಟೋ, ಜೀಪುಗಳಿಗೆ ‘ಗೆಟ್ ಇನ್’ ಅಥವಾ ‘ಗೆಟ್ ಇಂಟು’. ಇಳಿಯುವಾಗ ‘ಗೆಟ್ ಔಟ್ ಆಫ್’ (ಈ ಆಫ್ of, ಬಸ್ಸಿನ off ಅಲ್ಲ). ಒಳಗೆ ಅನ್ನುವುದೇ ಇಲ್ಲದ, ಮೇಲೆ ಕೂರುವ ಬೈಕು, ಸ್ಕೂಟರು, ಸೈಕಲ್ಲು, ಕುದುರೆಗೆ ಮತ್ತೆ ಆನ್ ಮತ್ತು ಆಫ್.

ನೀರಿನ ಮೇಲೂ ಇದೇ ಲೆಕ್ಕ. ಹಂಪಿಯಲ್ಲಿ ತುಂಗಭದ್ರೆ ದಾಟುವ ಹರಿಗೋಲಿನೊಳಗೆ ಕುಕ್ಕರಗಾಲಲ್ಲಿ ಕೂರುತ್ತೀರಿ, ಆದ್ದರಿಂದ ‘ಇನ್’. ಜೀಪು, ಬಸ್ಸುಗಳನ್ನೇ ಹೊತ್ತು ಹೋಗುವ ಲಾಂಚ್‌ಗೆ ‘ಆನ್’. ಲಾರಿಯಲ್ಲಿ ಡ್ರೈವರ್ ಪಕ್ಕ ಕೂರುವುದಾದರೆ ‘ಇನ್’. ಲಿಫ್ಟಿನಲ್ಲಿ ನಿಲ್ಲುತ್ತೇವಲ್ಲ ಎಂದು ಕೇಳಬಹುದು. ಅಲ್ಲಿ ಸೂತ್ರ ಜಾರುತ್ತದೆ: ಬ್ರಿಟಿಷರು ಸಾಮಾನ್ಯವಾಗಿ ‘ಇನ್’ ಅನ್ನುತ್ತಾರೆ, ಅಮೆರಿಕನ್ನರ ಬಾಯಲ್ಲಿ ‘ಆನ್’ ಕೂಡ ಬರುತ್ತದೆ.

ನಮ್ಮ ಕಿವಿಗೆ ‘ಆನ್ ದ ಬಸ್’ ಒಗ್ಗದಿರಲು ಕಾರಣವಿದೆ. ‘ಆನ್’ ಅಂದರೆ ‘ಮೇಲೆ’ ಎಂದು ಶಾಲೆಯಲ್ಲಿ ಕಲಿತಿರುತ್ತೇವೆ. ‘ಬಸ್ಸಿನ ಮೇಲೆ’ ಅಂದ ಕೂಡಲೇ ಟಾಪಿನಲ್ಲಿ ಮೂಟೆಗಳ ಜೊತೆ ಕೂತ ಚಿತ್ರ ಬರುತ್ತದೆ. ಇಂಗ್ಲಿಷಿನವರಿಗೆ ಆ ಚಿತ್ರ ಬರುವುದಿಲ್ಲ. ಟಾಪಿನಲ್ಲಿ ಕೂತದ್ದನ್ನು ಹೇಳಬೇಕಾದರೆ ಅವರು ‘ಆನ್ ದ ರೂಫ್ ಆಫ್ ದ ಬಸ್’ ಎಂದು ಬಿಡಿಸಿ ಹೇಳುತ್ತಾರೆ. ಕಾರಿನ ವಿಷಯದಲ್ಲಿ ಮಾತ್ರ ನಮ್ಮ ಲೆಕ್ಕವೇ ಅವರ ಲೆಕ್ಕವೂ. ‘ಗೆಟ್ ಆಫ್ ದ ಕಾರ್’ ಅಂದರೆ ಬಾನೆಟ್ ಮೇಲೆ ಹತ್ತಿ ಕೂತ ಹುಡುಗನನ್ನು ಗದರಿಸಿದ ಹಾಗೆ. ಸೀಟಿನಲ್ಲಿ ಕೂತವರಿಗೆ ಅದು ಹೊಂದುವುದಿಲ್ಲ. ಜೋಡಿ ಕಲಸಬೇಡಿ: ಆನ್ ಆದದ್ದು ಆಫ್, ಇನ್ ಆದದ್ದು ಔಟ್ ಆಫ್.

ಇನ್ನು ನಮ್ಮೆಲ್ಲರ ಬಾಯಲ್ಲಿರುವ ‘ಗೆಟ್ ಡೌನ್’. ‘ಐ ಗಾಟ್ ಡೌನ್ ಫ್ರಮ್ ದ ಬಸ್’ ಅನ್ನುವುದು ‘ಬಸ್ಸಿನಿಂದ ಇಳಿದೆ’ ಎಂಬುದರ ನೇರ ನಕಲು. ‘ಇಳಿ’ಗೆ ಡೌನ್, ‘ಇಂದ’ಕ್ಕೆ ಫ್ರಮ್. ಭಾರತದೊಳಗೆ ಇದು ಯಾರಿಗೂ ಅರ್ಥವಾಗದೆ ಹೋಗುವುದಿಲ್ಲ, ಕಂಡಕ್ಟರ್ ಹತ್ತಿರ ತಿದ್ದಿಕೊಳ್ಳುತ್ತಾ ನಿಲ್ಲುವ ಅಗತ್ಯವೂ ಇಲ್ಲ. ಆದರೆ ಲಂಡನ್ನಿನ ಬಸ್ಸಿನಲ್ಲಿ ‘ಗೆಟ್ ಡೌನ್!’ ಎಂದು ಕೂಗಿದರೆ ಜನ ತಲೆ ಬಗ್ಗಿಸಿ ಕೂತುಬಿಟ್ಟಾರು, ಏನೋ ಅಪಾಯ ಬಂತೆಂದು. ಮರ, ಏಣಿ, ಗೋಡೆಯಿಂದ ಇಳಿಯುವಾಗ ‘ಗೆಟ್ ಡೌನ್ ಫ್ರಮ್’ ಸರಿಯೇ. ಬಸ್ಸಿಗೆ ‘ಐ ಗಾಟ್ ಆಫ್ ದ ಬಸ್’, ಅಷ್ಟೇ. ‘ಆಫ್’ ಒಳಗೇ ‘ಇಂದ’ ಸೇರಿಕೊಂಡಿದೆ, ಮತ್ತೆ ಫ್ರಮ್ ಅಂಟಿಸಬೇಡಿ. ‘ಔಟ್’ಗೆ ಮಾತ್ರ ಬಾಲ ಬೇಕು: ‘ಐ ಗಾಟ್ ಔಟ್ ಆಫ್ ದ ಆಟೋ’.

ನಿಲ್ದಾಣದ ಹೆಸರಿನ ಹಿಂದೆ ‘ಆಟ್’ ಬರುತ್ತದೆ. ಫೋನಿನಲ್ಲಿ ‘ಎಲ್ಲಿದ್ದೀಯಾ?’ ಎಂದು ಕೇಳಿದವರಿಗೆ ಹೀಗೆ ಹೇಳಬಹುದು: ‘ಐಯಾಮ್ ಆನ್ ದ ಬಸ್. ಐ ಗಾಟ್ ಆನ್ ಆಟ್ ಸಿಲ್ಕ್ ಬೋರ್ಡ್. ಐ ವಿಲ್ ಗೆಟ್ ಆಫ್ ಆಟ್ ಬನಶಂಕರಿ ಆಂಡ್ ಗೆಟ್ ಇನ್ ಆ್ಯನ್ (an) ಆಟೋ.’ ಎರಡನೇ ವಾಕ್ಯದಲ್ಲಿ ‘ಆನ್’, ‘ಆಟ್’ ಒಂದರ ಪಕ್ಕ ಒಂದು ಕೂತಿರುವುದನ್ನು ನೋಡಿ ಗಾಬರಿಯಾಗಬೇಡಿ. ಮೊದಲನೆಯದು ಹತ್ತಿದ್ದಕ್ಕೆ, ಎರಡನೆಯದು ಜಾಗಕ್ಕೆ. ಬಸ್ಸು ಯಾವುದೆಂದು ಆಗಲೇ ಗೊತ್ತಿರುವುದರಿಂದ ‘ದ ಬಸ್’ ಎಂದು ಮತ್ತೆ ಹೇಳಬೇಕಾಗಿಲ್ಲ. ಹೇಳಲೇಬೇಕಾದರೆ ‘ಗೆಟ್ ಆನ್ ಇಟ್’, ‘ಗೆಟ್ ಆಫ್ ಇಟ್’. ‘ಇಟ್’ ಅನ್ನು ನಡುವೆ ತೂರಿಸಿದರೆ ಅರ್ಥವೇ ಬೇರೆ. ‘ಗೆಟ್ ಇಟ್ ಆಫ್’ ಅಂದರೆ ಅಂಟಿಕೊಂಡದ್ದನ್ನು ಕಿತ್ತು ತೆಗೆ ಎಂದು.

ಲಗೇಜು ಇಳಿಸುವಾಗ ಈ ನಡುವಿನ ಜಾಗವೇ ಕೆಲಸಕ್ಕೆ ಬರುತ್ತದೆ. ಬಸ್ಸಿನಿಂದ ಬ್ಯಾಗು ಇಳಿಸಲು ‘ಗೆಟ್ ದ ಬ್ಯಾಗ್ಸ್ ಆಫ್ ದ ಬಸ್’, ಕಾರಿನಿಂದ ‘ಗೆಟ್ ದ ಬ್ಯಾಗ್ಸ್ ಔಟ್ ಆಫ್ ದ ಕಾರ್’. ನಿಮ್ಮನ್ನೇ ಇಳಿಸಬೇಕಾದರೆ ಗೆಟ್ ಬಿಡಿ. ಬಸ್ಸಿನವರಿಗೆ ‘ಕುಡ್ ಯು ಲೆಟ್ ಮಿ ಆಫ್ ಹಿಯರ್?’, ಕ್ಯಾಬಿನವರಿಗೆ ‘ಪ್ಲೀಸ್ ಡ್ರಾಪ್ ಮಿ ಆಫ್ ಹಿಯರ್’.

ಒಂದು ಎಚ್ಚರ. ‘ಗೆಟ್ ಔಟ್’ ಎಂದು ಒಂಟಿಯಾಗಿ ನಿಲ್ಲಿಸಿದರೆ ಅದು ‘ತೊಲಗು’. ಕಾರಿನಲ್ಲಿ ಕರೆದುಕೊಂಡು ಬಂದ ಅತಿಥಿಗಳಿಗೆ ಮನೆ ಮುಂದೆ ‘ಪ್ಲೀಸ್ ಗೆಟ್ ಔಟ್’ ಅಂದರೆ ಪ್ಲೀಸ್ ಕೂಡ ಕಾಪಾಡುವುದಿಲ್ಲ. ‘ಹಿಯರ್ ವಿ ಆರ್’ ಎಂದು ಬಾಗಿಲು ತೆಗೆಯಿರಿ, ಅವರೇ ಇಳಿಯುತ್ತಾರೆ.

ತಲುಪುವುದಕ್ಕೆ ‘ಗೆಟ್ ಟು’. ‘ವಿ ಗಾಟ್ ಟು ಮೈಸೂರು ಆಟ್ ಟೆನ್’: ಇಲ್ಲಿ ‘ಟು’ ನಮ್ಮ ‘ಮೈಸೂರಿಗೆ’ಯ ‘ಗೆ’. ಆದರೆ ಹೋಮ್, ಹಿಯರ್, ದೇರ್ ಎಂಬ ಪದಗಳು ಆ ‘ಗೆ’ಯನ್ನು ಹೊಟ್ಟೆಯಲ್ಲೇ ಇಟ್ಟುಕೊಂಡಿವೆ. ಆದ್ದರಿಂದ ‘ಐ ಗಾಟ್ ಹೋಮ್’, ನಡುವೆ ಟು ಇಲ್ಲ. ‘ಮೈ ಹೌಸ್’ ಅಂದರೆ ಮಾತ್ರ ಟು ವಾಪಸು ಬರುತ್ತದೆ. ರೀಚ್, ಬೋರ್ಡ್, ಎಂಟರ್ ಕ್ರಿಯಾಪದಗಳಿಗೂ ಬಾಲವಿಲ್ಲ. ‘ರೀಚ್ಡ್ ಟು ಮೈಸೂರು’, ‘ಬೋರ್ಡೆಡ್ ಇಂಟು ದ ಟ್ರೇನ್’ ನಮ್ಮಲ್ಲಿ ಮೇಲಿಂದ ಮೇಲೆ ಕೇಳಿಬರುವ ತಪ್ಪುಗಳು.

ರೂಢಿಯಾಗಲು ನಿಮ್ಮ ದಿನದ ಓಡಾಟವನ್ನೇ ಹಿಡಿದುಕೊಳ್ಳಿ. ಮನೆಯಿಂದ ಆಫೀಸಿಗೆ ಎಷ್ಟು ಸಲ ಹತ್ತಿ ಇಳಿಯುತ್ತೀರೋ ಅಷ್ಟು ವಾಕ್ಯಗಳನ್ನು ‘ಗಾಟ್’ ಹಾಕಿ ಬಾಯಲ್ಲಿ ಹೇಳಿಕೊಳ್ಳಿ. ಎಲ್ಲಾದರೂ ‘ಡೌನ್’ ನುಸುಳಿದರೆ ಅಲ್ಲೇ ನಿಲ್ಲಿಸಿ, ಇಳಿದದ್ದು ಬಸ್ಸೋ ಆಟೋವೋ ಎಂದು ಕೇಳಿಕೊಂಡು ಆ ವಾಕ್ಯವನ್ನು ಮೊದಲಿಂದ ಹೇಳಿ.