ಮೊದಲು ಚೌಕಟ್ಟು, ಆಮೇಲೆ ಕ್ಯಾಮೆರಾ

ರಜೆಗೆ ಹೋದಾಗ ಮನೆ ಭದ್ರವಾಗಿರಲೆಂದು ತೆಗೆದಿಟ್ಟಿದ್ದ ಹಣದ ಒಂದು ಪಾಲನ್ನು ಬಾಗಿಲಿನ ಚೌಕಟ್ಟಿಗೆ ಹಾಕುತ್ತೇನೆ ಎಂದಾಗ ಒಪ್ಪಿದವರು ಯಾರೂ ಇರಲಿಲ್ಲ. ‘ಮರಕ್ಕೆ ಯಾಕೆ ಸರ್ ಇಷ್ಟು ದುಡ್ಡು, ಇನ್ನೆರಡು ಕ್ಯಾಮೆರಾ ಹಾಕಿಸಿ’ ಎಂದು ಕ್ಯಾಮೆರಾ ಜೋಡಿಸಲು ಬಂದವನು ಹೇಳಿದ್ದ. ಮನೆಯವರದ್ದೂ ಅದೇ ಮಾತು. ಕಳೆದ ರಜೆಯಲ್ಲಿ ನಾವು ಊರಿನಲ್ಲಿ ಇಲ್ಲದಾಗ ಯಾರೋ ಬಾಗಿಲು ಮೀಟಿ ನೋಡಿದ್ದಾರೆ. ಬಾಗಿಲು ತೆರೆದುಕೊಳ್ಳಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಹಣ ಹೆಚ್ಚು ಕರಗಿದ್ದು ಕ್ಯಾಮೆರಾಗಳಲ್ಲಿ. ಚಲನೆ ಗುರುತಿಸುವ ಸೆನ್ಸರ್ ನೋಡುವುದು ಶಾಖದ ಏರುಪೇರನ್ನು. ಬಿಸಿಲಿಗೆ ಕಾದ ಪರದೆ ಗಾಳಿಗೆ ಅಲುಗಿದರೂ ಮೊಬೈಲ್ ಬಡಿದುಕೊಳ್ಳುತ್ತಿತ್ತು. ದಿನಕ್ಕೆ ಮೂವತ್ತು ನಲವತ್ತು ಸಲ ಹೀಗಾದರೆ ಯಾರು ತಾನೇ ನೋಡುತ್ತಾರೆ? ಮನೆಯವರು ಒಬ್ಬೊಬ್ಬರಾಗಿ ಆ ಎಚ್ಚರಿಕೆಯನ್ನೇ ಆರಿಸಿಬಿಟ್ಟರು. ರಾತ್ರಿ ಇನ್ನೊಂದು ಕಾಟ. ಕತ್ತಲಲ್ಲಿ ಚಿತ್ರ ತೆಗೆಯಲೆಂದು ಲೆನ್ಸ್ ಸುತ್ತ ಇನ್‌ಫ್ರಾರೆಡ್ ದೀಪಗಳಿವೆ, ಅಲ್ಲೇ ಜೇಡ ಬಂದು ಬಲೆ ಕಟ್ಟುತ್ತಿತ್ತು. ಬಲೆಯ ಎಳೆ ಆ ಬೆಳಕಿಗೆ ಹೊಳೆದು ಚಿತ್ರವೆಲ್ಲ ಬೆಳ್ಳಗಾಗುತ್ತಿತ್ತು. ಕರೆಂಟು ಹೋದರೆ ರೂಟರ್ ಸತ್ತಿತು, ರೂಟರ್ ಸತ್ತರೆ ದೂರದಲ್ಲಿರುವ ನಮಗೆ ಎಲ್ಲವೂ ಕತ್ತಲೆ. ಸಣ್ಣ ಯುಪಿಎಸ್ ಒಂದನ್ನು ಸೇರಿಸಿದೆ. ರೂಟರ್ ಎಳೆಯುವುದು ಹತ್ತು ಹನ್ನೆರಡು ವಾಟ್ ಇರಬೇಕು, ಹಾಗಾಗಿ ನಾಲ್ಕು ಗಂಟೆ ತಳ್ಳುತ್ತದೆ. ಹಳೆಯ ಮೊಬೈಲೊಂದನ್ನು ಕ್ಯಾಮೆರಾ ಮಾಡಿ ಸದಾ ಚಾರ್ಜಿಗೆ ಹಾಕಿಟ್ಟೂ ನೋಡಿದೆ. ಕೆಲವು ತಿಂಗಳಲ್ಲಿ ಬ್ಯಾಟರಿ ಉಬ್ಬಿ ಹಿಂಬದಿಯ ಮುಚ್ಚಳವೇ ಎದ್ದಿತು. ಬೀಗ ಹಾಕಿದ ಮನೆಯೊಳಗೆ ಅಂಥದ್ದನ್ನು ಬಿಟ್ಟು ಹೋಗುವುದು ಕಳ್ಳನಿಗಿಂತ ಅಪಾಯ. ಆ ಪ್ರಯೋಗ ಅಲ್ಲಿಗೇ ನಿಲ್ಲಿಸಿದೆ.

ಇನ್ನು ಚೌಕಟ್ಟಿನ ವಿಷಯ. ಬೀಗಕ್ಕೆ ಸಾಕಷ್ಟು ಖರ್ಚು ಮಾಡುವವರೂ ಅದರ ನಾಲಿಗೆ ಹೊಕ್ಕುವ ತಗಡನ್ನು ಬಿಚ್ಚಿ ನೋಡಿರುವುದಿಲ್ಲ. ನಮ್ಮಲ್ಲಿ ಆ ತಗಡನ್ನು ಹಿಡಿದಿದ್ದದ್ದು ಸುಮಾರು 20 ಮಿ.ಮೀ. ಉದ್ದದ ಎರಡು ತಿರುಪುಗಳು. ಅದರ ಹಿಂದಿದ್ದ ಮರ ಬೆರಳಿನಷ್ಟು ದಪ್ಪ. ಬಲವಾಗಿ ಒದ್ದರೆ ಬೀಗಕ್ಕೆ ಏನೂ ಆಗುವುದಿಲ್ಲ, ಮರ ಎಳೆಯುದ್ದಕ್ಕೂ ಸೀಳಿಕೊಳ್ಳುತ್ತದೆ. ಆ ತಗಡನ್ನು ತೆಗೆದು ಗೇಣುದ್ದದ ದಪ್ಪ ಉಕ್ಕಿನ ಪಟ್ಟಿ ಕೂರಿಸಿ, 75 ಮಿ.ಮೀ. ತಿರುಪುಗಳನ್ನು ಚೌಕಟ್ಟು ದಾಟಿ ಗೋಡೆಯವರೆಗೆ ಇಳಿಸುವುದು ನನ್ನ ಯೋಜನೆ. ಮೊದಲ ಸಲ ಕೆಲಸಕ್ಕೆ ಬಂದ ಬಡಗಿ ತೂತು ಕೊರೆಯದೆ ನೇರ ತಿರುಪು ಇಳಿಸಿದ. ಎರಡರ ತಲೆ ಮುರಿಯಿತು, ಮೂರನೆಯದಕ್ಕೆ ಚೌಕಟ್ಟೇ ಬಿರಿಯಿತು. ಆ ಬದಿಯ ಮರವನ್ನು ಪೂರ್ತಿ ಬದಲಾಯಿಸಬೇಕಾಯಿತು. ಇಡೀ ಕೆಲಸದಲ್ಲಿ ನನಗೆ ಹೊಟ್ಟೆ ಉರಿಸಿದ ಖರ್ಚೆಂದರೆ ಅದೇ.

ಎರಡನೆಯ ಸಲ ಪಕ್ಕದಲ್ಲೇ ನಿಂತು ಮಾಡಿಸಿದೆ. ಚೌಕಟ್ಟಿಗೂ ಗೋಡೆಗೂ ನಡುವೆ ಟೊಳ್ಳು ಇದ್ದರೆ ಹಾರೆ ಹಾಕಿದವನಿಗೆ ಮರ ಬಾಗುತ್ತದೆ. ಬೀಗದ ಎತ್ತರದಲ್ಲಿ ಆ ಸಂದಿಗೆ ಗಟ್ಟಿ ಮರದ ತುಂಡುಗಳನ್ನು ಬಡಿದು ಬಿಗಿ ಮಾಡಿಸಿದೆ. ಈ ಕೆಲಸ ಹೊರಗೆ ಕಾಣುವುದಿಲ್ಲ, ಹಾಗಾಗಿ ಯಾರೂ ತಾವಾಗಿ ಮಾಡಿಕೊಡುವುದಿಲ್ಲ. ಬೀಗದಲ್ಲಿ ಕೀಲಿ ತೂರಿಸುವ ಭಾಗ, ಅಂದರೆ ಸಿಲಿಂಡರ್, ಹೊರಗೆ ಚಾಚಿಕೊಂಡಿದ್ದರೆ ಇಕ್ಕಳದಲ್ಲಿ ಹಿಡಿದು ಮುರಿಯುತ್ತಾರೆ. 3 ಮಿ.ಮೀ.ಗಿಂತ ಹೆಚ್ಚು ಹೊರಗೆ ಬಾರದ ಅಳತೆಯದನ್ನು ತಂದು ಹಾಕಿದೆ. ಎಲ್ಲ ಸೇರಿ, ಬದಲಾಯಿಸಿದ ಮರವನ್ನೂ ಲೆಕ್ಕಕ್ಕೆ ಹಿಡಿದರೂ, ಕ್ಯಾಮೆರಾಗಳಿಗೆ ಹೋದದ್ದರ ಅರ್ಧದಷ್ಟು ಆಗಿರಬಹುದು. ಯಾವ ಬಾಗಿಲೂ ಮುರಿಯದ ಬಾಗಿಲಲ್ಲ ಎಂಬುದು ನನಗೂ ಗೊತ್ತು. ಬಾಗಿಲು ಕಳ್ಳನನ್ನು ಎಷ್ಟು ತಡೆಯುತ್ತದೆ ಎಂದು ಅಳೆಯುವ ಯುರೋಪಿನ ಇಎನ್ 1627 ಮಾನದಂಡದಲ್ಲಿ ಆರ್‌ಸಿ2 ದರ್ಜೆಯ ಬಾಗಿಲು ತಡೆಯಬೇಕಾದದ್ದು 3 ನಿಮಿಷ, ಆರ್‌ಸಿ3 ಆದರೆ 5 ನಿಮಿಷ. ಕಳ್ಳನಿಗೆ ಅಷ್ಟು ಹೊತ್ತು ಸದ್ದು ಮಾಡುತ್ತಾ ನಿಲ್ಲುವ ಧೈರ್ಯ ಇರಬಾರದು, ಅಷ್ಟೇ.

ನಾವು ಹಿಂದಿರುಗಿದಾಗ ಬೀಗದ ಮೇಲೊಂದು, ಕೆಳಗೊಂದು ತಗ್ಗು ಬಿದ್ದಿತ್ತು, ಹೆಬ್ಬೆರಳಿನ ಅಗಲ. ಮೈಭಾರ ಹಾಕಿ ಮೀಟಿದ್ದರಿಂದಲೋ ಏನೋ ಕೆಳಗಿನದು ಆಳವಾಗಿತ್ತು. ಬಣ್ಣ ಸುರುಳಿ ಸುರುಳಿಯಾಗಿ ಎದ್ದು ಹೊಸ್ತಿಲ ಮೇಲೆ ಉದುರಿತ್ತು. ಉಕ್ಕಿನ ಪಟ್ಟಿಯ ಅಂಚು ಕೂದಲೆಳೆಯಷ್ಟು ಮಾತ್ರ ಬಾಗಿತ್ತು. ಬೀಗದ ನಾಲಿಗೆ ಮಾತ್ರ ತನ್ನ ತೂತಿನಲ್ಲಿ ಹಾಗೆಯೇ ಇತ್ತು. ಕ್ಯಾಮೆರಾದಲ್ಲಿ ಸಿಕ್ಕಿದ್ದು ಜೇಡರ ಬಲೆಯ ಹಿಂದೆ ಕಂಡ ಒಂದು ತೋಳು.

ಬಾಗಿಲಿನ ತನಕ ಬರುವ ಮೊದಲೇ ಕಳ್ಳನನ್ನು ಹಿಂದೆ ಕಳಿಸಬೇಕಾದದ್ದು ಮನೆಯಲ್ಲಿ ಯಾರೋ ಇದ್ದಾರೆ ಎನ್ನಿಸುವ ದೀಪ. 15 ನಿಮಿಷಕ್ಕೊಂದು ಹಲ್ಲಿರುವ ಟೈಮರ್ ಕರೆಂಟು ಹೋದಷ್ಟು ಹೊತ್ತು ಹಿಂದೆ ಬೀಳುತ್ತದೆ, ಕೊನೆಗೆ ಹಗಲಲ್ಲೇ ದೀಪ ಹಚ್ಚುತ್ತದೆ. ಒಳಗೆ ಬ್ಯಾಟರಿ ಇರುವುದನ್ನು, ದಿನವೂ ಸಮಯವನ್ನು ತಾನೇ ಹಿಂದೆ ಮುಂದೆ ಮಾಡುವುದನ್ನು ತಂದೆ. ದೀಪಗಳು ಒಂದಾದ ಮೇಲೆ ಒಂದು ಯಾವ ಸಾಲಿನಲ್ಲಿ ಹತ್ತುತ್ತವೆ ಎಂಬುದನ್ನು ಬರೆಯುವುದಿಲ್ಲ. ಒಂದು ಸಂಜೆ ಪೂರ್ತಿ ನಿಮ್ಮ ಮನೆಯನ್ನೇ ಬೀದಿಯ ಆಚೆಯಿಂದ ನೋಡಿ, ನಿಮಗೇ ಹೊಳೆಯುತ್ತದೆ. ಟಿವಿಯ ಹಾಗೆ ಬಣ್ಣ ಬದಲಿಸುವ ಪುಟ್ಟ ದೀಪವನ್ನೂ ಹಾಗೆಯೇ ಬೀದಿಯಲ್ಲಿ ನಿಂತು ಪರೀಕ್ಷಿಸಿದೆ. ಕಿಟಕಿಗೆ ಎದುರಾಗಿ ಇಟ್ಟಾಗ ಆಟಿಕೆಯಂತೆ ಕಂಡದ್ದು, ಬಿಳಿ ಗೋಡೆಗೆ ತಿರುಗಿಸಿದಾಗ ನಿಜವೆಂದೇ ಅನ್ನಿಸಿತು.

ಪಕ್ಕದ ಮನೆಯವರ ಸಹಾಯಕ್ಕೆ ಸಮನಾದ ಯಂತ್ರ ನನಗಂತೂ ಸಿಕ್ಕಿಲ್ಲ. ಅವರ ಕೈಗೆ ಕೀಲಿ ಕೊಟ್ಟಿದ್ದೇನೆ. ಬಾಗಿಲಿಗೆ ಬಿದ್ದ ಕಾಗದ ಎತ್ತುತ್ತಾರೆ, ಪರದೆ ಸರಿಸುತ್ತಾರೆ, ತಮ್ಮ ಕಾರನ್ನು ನಮ್ಮ ಜಾಗದಲ್ಲಿ ನಿಲ್ಲಿಸುತ್ತಾರೆ. ಅವರ ರಜೆಯಲ್ಲಿ ಅದೇ ಕೆಲಸ ನಮ್ಮದು. ಅವರಿಗೆ ಹೇಳಿಕೊಟ್ಟ ಇನ್ನೊಂದು ಉಪಾಯ ನಮ್ಮ ಎರಡು ಮನೆಗಳ ನಡುವೆಯೇ ಇರಲಿ. ಪ್ರವಾಸದ ಚಿತ್ರಗಳನ್ನು ಹಿಂದಿರುಗಿದ ಮೇಲೆಯೇ ಹಾಕಬೇಕೆಂದು ಮಕ್ಕಳನ್ನು ಒಪ್ಪಿಸಲು ಮಾತ್ರ ಸಾಕುಸಾಕಾಯಿತು. ನೀರಿನ ಮುಖ್ಯ ವಾಲ್ವ್ ಮುಚ್ಚುವುದು ನಿಮಗೆ ಹೇಳಬೇಕಾದ್ದಲ್ಲ.

ಈಗ ಹಿಂಬಾಗಿಲಿನ ಸರದಿ. ಅದು ಹೊರಕ್ಕೆ ತೆರೆಯುವ ಬಾಗಿಲು, ಕೀಲಿನ ಕಡ್ಡಿಗಳು ಹೊರಗೇ ಇವೆ. ಕಡ್ಡಿ ಕಿತ್ತರೂ ಕದ ಕೈಗೆ ಬಾರದಂತೆ ಕೀಲಿನ ಬದಿಯಲ್ಲಿ ಚೌಕಟ್ಟಿನೊಳಗೆ ಹೊಕ್ಕುವ ಉಕ್ಕಿನ ಗೂಟಗಳನ್ನು ಕೂರಿಸಬೇಕು. ಬೆಲೆ ವಿಚಾರಿಸಿದೆ, ಒಂದು ಕ್ಯಾಮೆರಾದ ಕಾಲುಭಾಗವೂ ಆಗುವುದಿಲ್ಲ. ಮುಂದಿನ ರಜೆಗೆ ಮೊದಲು ಮುಗಿಸುತ್ತೇನೆ.